ಶ್ರುತಿಗೆ ಬಾರದ ಕಾರ್ನೆಟ್

ಮಾರ್ಚ್ 4

ಅಪ್ಪನಿಗೆ,

ಮೂರು ವರ್ಷದ ಮೇಲೆ ಮಗಳ ಕಾಗದ ಬಂತೆಂದು ಹಿಗ್ಗಬೇಡಿ. ಜಗಳ ಮುಗಿದಿಲ್ಲ. ಇದು ಕೆಲಸದ ಕಾಗದ. ಫೋನ್ ಮಾಡಬಹುದಿತ್ತು. ಮಾಡಿದರೆ ನೀವು "ಏನು? ಕೇಳಿಸ್ತಿಲ್ಲ" ಎಂದು ಅಮ್ಮನ ಕೈಗೆ ದಾಟಿಸಿ ಎದ್ದುಹೋಗುತ್ತೀರಿ.

ನನ್ನ ರಿಪೇರಿ ಅಂಗಡಿಗೆ ಒಂದು ಹಳೆಯ ಕಾರ್ನೆಟ್ ಬಂದಿದೆ, ನೀವು ಗಿಡ್ಡ ತುತ್ತೂರಿ ಎನ್ನುತ್ತಿದ್ದಿರಲ್ಲ, ಅದು. ತಂದವರು ಇಲ್ಲಿಯ ಅಗ್ನಿಶಾಮಕ ಠಾಣೆಯ ಡ್ರೈವರ್. ಠಾಣೆಗೊಂದು ಬ್ಯಾಂಡ್ ಇದೆ. ಇವರು ಬ್ಯಾಂಡಿನವರನ್ನು ಕಾರ್ಯಕ್ರಮಗಳಿಗೆ ಕರೆದೊಯ್ಯುವ ಬಸ್ಸು ಓಡಿಸುತ್ತಾರೆ. ಬಹಳ ಹಿಂದೆ ಅವರೂ ಬ್ಯಾಂಡಿನಲ್ಲಿ ಊದುತ್ತಿದ್ದರಂತೆ, ಶ್ರುತಿ ನಿಲ್ಲುವುದಿಲ್ಲವೆಂದು ತೆಗೆದುಹಾಕಿದರಂತೆ. ಜೂನ್ ಮೂವತ್ತಕ್ಕೆ ಅವರ ನಿವೃತ್ತಿ. ಬೀಳ್ಕೊಡುಗೆಯ ದಿನ ಒಂದೇ ಒಂದು ಹಾಡಿಗೆ ಬ್ಯಾಂಡಿನ ಜೊತೆ ನಿಲ್ಲಲು ಈಗಿನ ಬ್ಯಾಂಡ್ ಮಾಸ್ಟರ್ ಒಪ್ಪಿದ್ದಾರೆ. "ನನ್ನ ಕಿವಿ ಸರಿ ಇಲ್ಲಮ್ಮ, ಅದು ಊರಿಗೇ ಗೊತ್ತು. ವಾದ್ಯನಾದ್ರೂ ಒಂಚೂರು ನೋಡು" ಎಂದರು.

ನೋಡಿದೆ. ಕೆಳಗಿನ ಸ್ವರಗಳನ್ನು ಸರಿಮಾಡಿದರೆ ಮೇಲಿನವು ಇಳಿಯುತ್ತವೆ. ಮೇಲಿನವನ್ನು ಸರಿಮಾಡಿದರೆ ಕೆಳಗಿನವು ಏರಿ ಕೂರುತ್ತವೆ. ಶ್ರುತಿ ಕೊಳವೆಯನ್ನು ಹೊರಗೆಳೆದು ಒಳಗೆ ತಳ್ಳಿ ನನ್ನ ತಲೆ ಚಿಟ್ಟು ಹಿಡಿದಿದೆ.

ಆಸರೆ ಕಡ್ಡಿಯ ಹಿಂಬದಿ ನಿಮ್ಮ ಗುರುತು ಸಿಕ್ಕಿತು. ಮೂರು ಚುಕ್ಕೆ, ಅದರ ಕೆಳಗೆ ಇಸವಿ. ಇಪ್ಪತ್ತಾರು ವರ್ಷದ ಹಿಂದಿನದು. ಆಗ ಇಲ್ಲಿ ರಿಪೇರಿಯವರು ಇರಲಿಲ್ಲವಂತೆ, ಬ್ಯಾಂಡಿನ ವಾದ್ಯವೆಲ್ಲ ನಿಮ್ಮಲ್ಲಿಗೇ ಬರುತ್ತಿತ್ತಂತೆ. ಈ ಕಾರ್ನೆಟ್ಟಿಗೆ ಏನು ಮಾಡಿದ್ದಿರಿ? ನಿಮ್ಮ ಕಪ್ಪು ನೋಟ್‌ಬುಕ್ಕು ತೆಗೆದು ನೋಡಿ ಬರೆಯಿರಿ. ಇಷ್ಟೇ ಬೇಕಾದ್ದು.

ನಿಮ್ಮ ಮಗಳು


ಮಾರ್ಚ್ 15

ಮಗಳಿಗೆ,

ಕಾಗದ ತಲುಪಿತು. ನೋಟ್‌ಬುಕ್ಕಿಗೆ ಗೆದ್ದಲು ಹಿಡಿದಿದೆ. ಎಲ್ಲ ವಾದ್ಯವೂ ನೆನಪಿರಲು ನಾನೇನು ಗುಮಾಸ್ತನಲ್ಲ.

ನೀರು ಬಿಡುವ ಕಿಂಡಿಯ ಬಿರಡೆ ಹಳತಾಗಿರುತ್ತದೆ, ಗಾಳಿ ಸೋರುತ್ತದೆ, ಬದಲಿಸು. ವಾಲ್ವಿನ ಗುಂಡಿಗಳ ಕೆಳಗಿನ ಫೆಲ್ಟ್ ಬಿಲ್ಲೆ ಸವೆದಿದ್ದರೆ ಒಳಗಿನ ತೂತಿಗೂ ಕೊಳವೆಗೂ ಹೊಂದುವುದಿಲ್ಲ, ನೋಡು. ಒಳಗೆ ಬ್ರಷ್ ಆಡಿಸು. ಮೊದಲು ಕೊಳೆ ತೆಗೆ, ಆಮೇಲೆ ನನ್ನ ಗುರುತು ಹುಡುಕುವೆಯಂತೆ. ಇವೆಲ್ಲ ನಿನಗೆ ಹೇಳಿಕೊಟ್ಟದ್ದೇ.

ಅಷ್ಟಾದರೂ ಆಗದಿದ್ದರೆ ತೊಂದರೆ ವಾದ್ಯದ್ದಲ್ಲ, ಊದುವವನದು. ಆತನೇ ಒಪ್ಪಿಕೊಂಡಿದ್ದಾನಲ್ಲ.

ಅಪ್ಪ

ಚೂಟಿ, ಇದು ಅಮ್ಮ. ಲಕೋಟೆ ಅಂಟಿಸೋಕೆ ಮುಂಚೆ ಬರೀತಿದೀನಿ. ನಿನ್ನ ಕಾಗದ ಬಂದಾಗಿಂದ ನಿಮ್ಮಪ್ಪ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದಾರೆ. ನೋಟ್‌ಬುಕ್ಕಿಗೆ ಯಾವ ಗೆದ್ದಲೂ ಹಿಡಿದಿಲ್ಲ. ಕೇಳಿದ್ರೆ ನನ್ನ ಮೇಲೇ ರೇಗ್ತಾರೆ.


ಮಾರ್ಚ್ 23

ಅಪ್ಪನಿಗೆ,

ಬಿರಡೆ, ಫೆಲ್ಟು, ಬ್ರಷ್ಷು! ನಾನು ನಿಮ್ಮ ಬೆಂಚಿನ ಪಕ್ಕ ಹದಿನಾಲ್ಕು ವರ್ಷ ನಿಂತವಳು. ಅವನ್ನು ನೋಡದೆ ನಿಮಗೆ ಬರೆಯುತ್ತೇನೆಯೆ?

ಬಿರಡೆ ಮೊದಲ ದಿನವೇ ಬದಲಿಸಿದೆ. ವಾದ್ಯದ ಅಗಲ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ, ಈ ಕಡೆಯಿಂದ ಹೊಗೆ ಊದಿ ನೋಡಿದ್ದೇನೆ, ಎಲ್ಲೂ ಸೋರುವುದಿಲ್ಲ. ಫೆಲ್ಟು ಮೂರೂ ಹೊಸದು. ಒಳಗಿಂದ ಅಂಗೈ ತುಂಬ ಹಸಿರು ಗಸಿ ಬಂತು, ತೊಳೆದೆ. ತಿರುವಿನಲ್ಲಿದ್ದ ಎರಡು ತಗ್ಗು ಎತ್ತಿದೆ. ತುಟಿಯಿಟ್ಟು ಊದುವ ಬಾಯಿತುದಿ ಎಷ್ಟು ಆಳಕ್ಕೆ ಕೂರುತ್ತದೆಂದು ಅಳೆದೆ. ಇಷ್ಟೆಲ್ಲ ಆದ ಮೇಲೆ ಕಾರ್ನೆಟ್ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಮೊದಲು ಎಷ್ಟು ಬೇಸುರಾಗಿತ್ತೋ ಈಗಲೂ ಅಷ್ಟೇ ಬೇಸುರಾಗಿದೆ. ಕೊಳೆ ಹೋದದ್ದರಿಂದ ಅದು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತಿದೆ, ಅಷ್ಟೆ.

ಊದುವವರ ತಪ್ಪು ಎಂದು ಕಡ್ಡಿ ಮುರಿದ ಹಾಗೆ ಬರೆದಿದ್ದೀರಿ. ನಿಮಗೆ ಅದು ಸುಲಭ. ಆವತ್ತು ಟ್ರಾಂಬೋನಿನ ಬೆಸುಗೆ ಬಿಟ್ಟುಹೋದದ್ದು ನಿಮ್ಮ ಕೈಯಲ್ಲಿ. ಗಿರಾಕಿ ಕೂಗಾಡಿದಾಗ ನೀವು ಬೆರಳು ತೋರಿಸಿದ್ದು ನನ್ನ ಕಡೆಗೆ. "ಮಗಳು ಮಾಡಿದ್ದು, ಇನ್ನೂ ಕಲೀತಿದಾಳೆ" ಎಂದಿರಿ. ಹದಿನಾಲ್ಕು ವರ್ಷ ಆದ ಮೇಲೆ! ಅದಕ್ಕೇ ನಾನು ಹತಾರದ ಚೀಲ ಹೊತ್ತು ಇಲ್ಲಿಗೆ ಬಂದದ್ದು. ಬೇರೆ ಯಾವ ಕಾರಣವೂ ಇಲ್ಲ. ಅಮ್ಮನಿಗೆ ನೀವು ಏನು ಹೇಳಿದ್ದೀರೋ ನನಗೆ ಗೊತ್ತಿಲ್ಲ.

ನೋಟ್‌ಬುಕ್ಕು ನೋಡಿ.

ಮಗಳು


ಏಪ್ರಿಲ್ 2

ಮಗಳಿಗೆ,

ಒಂದು ಹಾಡು ತಾನೆ? ಇಪ್ಪತ್ತು ಜನ ಒಟ್ಟಿಗೆ ಊದುವಾಗ ಒಬ್ಬನದು ಯಾರಿಗೆ ಕೇಳಿಸುತ್ತದೆ? ಹೊಳಪು ಬಂದಿದೆಯಲ್ಲ, ಹಾಗೇ ವಾಪಸ್ ಕೊಟ್ಟುಬಿಡು. ಹಳೆಯ ಹಿತ್ತಾಳೆ, ಬಿಚ್ಚಲು ಹೋದರೆ ಸೀಳು ಬಿಡುತ್ತದೆ. ಇದು ನಾನು ಹೇಳುವ ಕೊನೆಯ ಮಾತು.

ಅಪ್ಪ


ಏಪ್ರಿಲ್ 11

ಅಪ್ಪನಿಗೆ,

ನಿಮ್ಮ ಕೊನೆಯ ಮಾತು ತಲುಪಿತು. "ಬಿಚ್ಚಬೇಡ" ಎಂದು ನೀವು ನನ್ನ ಜನ್ಮದಲ್ಲಿ ಹೇಳಿದವರಲ್ಲ. ಅದಕ್ಕೇ ಬಿಚ್ಚಿದೆ.

ಅದಕ್ಕೂ ಮೊದಲು ಇನ್ನೊಂದು ಮಾಡಿದೆ. ಡ್ರೈವರಣ್ಣ ಶನಿವಾರ ಬಂದಿದ್ದರು. ನನ್ನ ಅಂಗಡಿಯ ಒಳ್ಳೆಯ ಕಾರ್ನೆಟ್ ಅವರ ಕೈಗಿಟ್ಟು "ಇದನ್ನೊಂದ್ಸಲ ಊದಿ" ಎಂದೆ. "ಬೇಡಮ್ಮ, ಒಳ್ಳೇ ವಾದ್ಯ ಯಾಕೆ ಹಾಳು ಮಾಡ್ಲಿ" ಎಂದು ಹಿಂದೆ ಸರಿದರು. ಹತ್ತು ನಿಮಿಷ ಗೋಗರೆಯಬೇಕಾಯಿತು. ಕೊನೆಗೆ ಗೋಡೆಯ ಕಡೆ ತಿರುಗಿ ಊದಿದರು. ನಾನು ಶ್ರುತಿ ಅಳೆಯುವ ಟ್ಯೂನರಿನ ಮುಳ್ಳು ನೋಡುತ್ತಿದ್ದೆ. ಅಪ್ಪ, ಮುಳ್ಳು ನಡುಗೆರೆ ಬಿಟ್ಟು ಅಲುಗಲಿಲ್ಲ. ಉಸಿರು ಸಾಲದು, ತುಟಿಗೆ ಅಭ್ಯಾಸ ತಪ್ಪಿದೆ, ಸ್ವರ ಅಲ್ಲಲ್ಲಿ ಒಡೆಯಿತು. ಹುಟ್ಟಿದ ಸ್ವರ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವರಿಗೆ ಅದು ಗೊತ್ತಾಗಲಿಲ್ಲ. "ನೋಡಿದ್ಯಾ, ನಾನು ಹೇಳ್ಲಿಲ್ವಾ" ಎಂದು ಮೆತ್ತಗೆ ಕೆಳಗಿಟ್ಟರು. ನಾನು ಬಾಯಿ ಬಿಡಲಿಲ್ಲ. ನಿಮ್ಮನ್ನು ಕೇಳದೆ ಬಿಡಬಾರದೆಂದು.

ಆಮೇಲೆ ಬಾಯಿತುದಿ ಕೂರುವ ಮೊದಲ ಕೊಳವೆಯ ಬೆಸುಗೆ ಬಿಚ್ಚಿದೆ. ಆ ಕೊಳವೆ ಬಾಯಿಯ ಹತ್ತಿರ ಸಣ್ಣಗಿದ್ದು ಮುಂದೆ ಹೋಗುತ್ತ ಅಗಲವಾಗಬೇಕು. ಶ್ರುತಿಯೆಲ್ಲ ಅದರ ಮೇಲೇ ನಿಂತಿದೆ ಎಂದು ನನಗೆ ಹೇಳಿಕೊಟ್ಟವರು ನೀವೇ. ಅಗಲ ತುದಿಯಿಂದ ಒಂದು ಉಕ್ಕಿನ ಗುಂಡು ಬಿಟ್ಟೆ. ನಡುವೆ ಎಲ್ಲಾದರೂ ಸಿಕ್ಕಿಕೊಳ್ಳಬೇಕಿತ್ತು. ಸೀದಾ ಉರುಳಿ ಆಚೆ ತುದಿಯಿಂದ ಟಣ್ ಎಂದು ನೆಲಕ್ಕೆ ಬಿತ್ತು.

ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಳತೆ. ಇದು ಕಾರ್ನೆಟ್ಟಿನ ಕೊಳವೆಯೇ ಅಲ್ಲ, ಮಾಮೂಲಿ ನೇರ ಹಿತ್ತಾಳೆ ಕೊಳವೆ. ಎರಡು ತುದಿಯಲ್ಲೂ ಇರುವುದು ನಿಮ್ಮ ಬೆಸುಗೆ. ಅಷ್ಟು ಚೆಂದದ ಬೆಸುಗೆ ಇನ್ನಾರೂ ಹಾಕುವುದಿಲ್ಲ.

ಈಗ ಹೇಳಿ. ಗೊತ್ತಿದ್ದು ಹಾಕಿದಿರೋ, ಗೊತ್ತಿಲ್ಲದೆಯೋ?

ಮಗಳು


ಮೇ 7

ಚೂಟಿ,

ನಿನ್ನ ಕಾಗದ ಬಂದು ತಿಂಗಳಾಗ್ತಾ ಬಂತು. ಯಾಕೆ ಉತ್ತರ ಇಲ್ಲ ಅಂತ ನೀನು ಬೈಕೋತಿರ್ತೀಯ. ನಿಮ್ಮಪ್ಪ ಅದನ್ನ ಅಂಗಿ ಜೇಬಲ್ಲಿ ಇಟ್ಕೊಂಡು ತಿರುಗ್ತಿದಾರೆ. ಮೊನ್ನೆ ಅಂಗಿ ಜೊತೆ ಒಗೆಯೋಕೆ ಹಾಕ್ಬಿಡ್ತಿದ್ದೆ.

ಅಂಗಡಿ ಬಾಗಿಲು ತೆಗೀತಾರೆ, ಬೆಂಚಿನ ಮುಂದೆ ಕೂತ್ಕೋತಾರೆ, ಕೆಲಸ ಮುಟ್ಟಲ್ಲ. ಊಟಕ್ಕೆ ಕರೆದ್ರೆ "ಬಂದೆ" ಅಂತಾರೆ, ಬರಲ್ಲ. ನಿನ್ನೆ ನನಗೂ ತಡೆಯೋಕೆ ಆಗ್ಲಿಲ್ಲ. "ಮಗಳು ಏನು ಕೇಳಿದಾಳೋ ಅದಕ್ಕೆ ಹೌದು ಅನ್ನಿ, ಇಲ್ಲಾ ಇಲ್ಲ ಅನ್ನಿ. ಇಬ್ಬರ ಮಧ್ಯೆ ಸಿಕ್ಕಿ ನಾನು ಮೂರು ವರ್ಷದಿಂದ ಚಟ್ನಿ ಆಗಿದೀನಿ" ಅಂದೆ. ಅದಕ್ಕೆ ಏನಂದ್ರು ಗೊತ್ತಾ? "ಹೌದು ಅನ್ನೋದನ್ನ ಯಾವತ್ತೂ ಕಲೀಲಿಲ್ವಲ್ಲೇ" ಅಂದ್ರು. ಊಟ ಅಲ್ಲೇ ಬೆಂಚಿನ ಮೇಲೆ ತಂದಿಟ್ಟೆ.

ಸ್ವಲ್ಪ ತಾಳ್ಕೋ. ನಿನಗೆ ತಾಳ್ಮೆ ಇಲ್ಲ ಅಂತ ಗೊತ್ತು, ಅವರ ಮಗಳೇ ಅಲ್ವಾ.

ಅಮ್ಮ


ಮೇ 15

ಚೂಟಿಗೆ,

ಗೊತ್ತಿದ್ದೇ ಹಾಕಿದೆ.

ನೋಟ್‌ಬುಕ್ಕಿನಲ್ಲಿ ಇದೆ. ಆತನ ಕಾರ್ನೆಟ್ಟಿನ ಮೊದಲ ಕೊಳವೆ ಒಳಗಿಂದ ಕೊಳೆತು ತೂತು ಬಿದ್ದಿತ್ತು. ಎರಡು ದಿನಕ್ಕೆ ಅವರದೊಂದು ದೊಡ್ಡ ಪೆರೇಡ್ ಇತ್ತು. ಅಂಥ ಕೊಳವೆ ಎಳೆಯಲು ಒಂದು ತುದಿ ಸಣ್ಣ, ಒಂದು ತುದಿ ದಪ್ಪ ಇರುವ ಉಕ್ಕಿನ ಸರಳು ಬೇಕು. ಆಗ ನನ್ನ ಹತ್ತಿರ ಅದು ಇರಲಿಲ್ಲ. ಇಲ್ಲ ಎಂದು ಹೇಳಲು ನಾಲಗೆ ಬರಲಿಲ್ಲ. ದೊಡ್ಡ ಮೇಸ್ತ್ರಿ ಎಂಬ ಹೆಸರಿತ್ತಲ್ಲ. ಸದ್ಯಕ್ಕೆ ಇರಲಿ ಎಂದು ನೇರ ಕೊಳವೆ ಹಾಕಿದೆ. ಆಮೇಲೆ ಕರೆಸಿ ಬದಲಿಸಿಕೊಡೋಣ ಎಂದುಕೊಂಡೆ.

ಮೂರು ತಿಂಗಳಿಗೆ ಆತನೇ ಬಂದ. ಜೊತೆಯಲ್ಲಿ ಅವರ ಬ್ಯಾಂಡ್ ಮಾಸ್ಟರ್. ಅಂಗಡಿ ತುಂಬ ಜನ. "ಮೇಸ್ತ್ರಿ, ಶ್ರುತಿ ನಿಲ್ತಿಲ್ಲ" ಎಂದ. ಆಗ ಹೇಳಬಹುದಿತ್ತು. ನಾನು ಕಾರ್ನೆಟ್ ತೆಗೆದುಕೊಂಡು ತಿರುಗಿಸಿ ನೋಡುವ ಹಾಗೆ ಮಾಡಿ, "ವಾದ್ಯ ಸರಿಯಾಗಿದೆ, ನಿಮ್ಮ ಕಿವಿ ನೋಡ್ಕೊಳ್ಳಿ" ಎಂದೆ. ಎಲ್ಲರೂ ನಕ್ಕರು. ಬ್ಯಾಂಡ್ ಮಾಸ್ಟರೂ ನಕ್ಕ. ಆತ ಕಾರ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಮುಂದಿನ ವರ್ಷ ಆತನನ್ನು ಬ್ಯಾಂಡಿನಿಂದ ತೆಗೆದರೆಂದು ಕಿವಿಗೆ ಬಿತ್ತು.

ಆಮೇಲೆ ಆ ಸರಳು ಮಾಡಿಸಿಕೊಂಡೆ. ಅದರ ಮೇಲೆ ಎಷ್ಟೋ ಕೊಳವೆ ಎಳೆದಿದ್ದೇನೆ, ಆತನದೊಂದನ್ನು ಬಿಟ್ಟು.

ಟ್ರಾಂಬೋನಿನದೂ ನೀನು ಬರೆದ ಹಾಗೇ. ನಿನ್ನ ತಪ್ಪು ಏನೂ ಇರಲಿಲ್ಲ. ಬಾಯಿಗೆ ಬಂದದ್ದು ಅದು, ಅಭ್ಯಾಸವಾಗಿ ಹೋಗಿತ್ತು.

ಕಾರ್ನೆಟ್ಟಿನ ಅಳತೆ ಕಳಿಸು. ಕೊಳವೆ ನಾನೇ ಎಳೆದು ಕಳಿಸುತ್ತೇನೆ. ಸುಮ್ಮನೆ ಕೂರಿಸಿ ಕೊಟ್ಟುಬಿಡು. ಆ ಮನುಷ್ಯನಿಗೆ ಹಳೆಯದೇನೂ ಹೇಳಬೇಡ. ಈಗ ಹೇಳಿ ಯಾರಿಗೆ ಏನು ಬಂತು?

ಅಪ್ಪ


ಮೇ 21

ಅಪ್ಪ,

ನಿಮ್ಮ ಕಾಗದವನ್ನು ಓದಿ ಮಡಿಸಿಟ್ಟು, ಅಂಗಡಿಯ ಬಾಗಿಲು ಹಾಕಿಕೊಂಡು ಊರೆಲ್ಲ ಸುತ್ತಿ ಬಂದೆ. ಟ್ರಾಂಬೋನಿನ ಬಗ್ಗೆ ಬರೆದಿರಲ್ಲ, ಆ ಸಾಲಿಗಾಗಿ ಮೂರು ವರ್ಷ ಕಾದಿದ್ದೆ. ಅದಕ್ಕೆ ಖುಷಿಪಡಲೂ ಬಿಡದೆ ಅದರ ಕೆಳಗೇ "ಹೇಳಬೇಡ" ಎಂದು ಬರೆದಿದ್ದೀರಿ. ಎಂಥ ಮನುಷ್ಯರಪ್ಪ ನೀವು!

ಅಳತೆ ಈ ಕಾಗದದ ಹಿಂದೆ ಇದೆ. ಕೊಳವೆ ಎಳೆಯಿರಿ. ನನ್ನ ಹತ್ತಿರ ಆ ಸರಳಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ನೀವು ಆ ಡ್ರೈವರಿಗೆ ನಿಮ್ಮ ಕೈಯಾರೆ ಬರೆಯುವವರೆಗೆ ಅದನ್ನು ನಾನು ಕೂರಿಸುವುದಿಲ್ಲ. ನಾನು ಹೇಳುವುದೂ ಇಲ್ಲ. ನನ್ನ ಬಾಯಿಂದ ಬಂದರೆ ಮತ್ತೆ "ಮಗಳು ಮಾಡಿದ್ದು" ಆಗುತ್ತದೆ. ಅವರ ವಿಳಾಸವೂ ಹಿಂದೆಯೇ ಇದೆ.

ಯಾರಿಗೆ ಏನು ಬಂತು ಎಂದು ಕೇಳಿದ್ದೀರಿ. ಅವರು ಗೋಡೆಯ ಕಡೆ ತಿರುಗಿ ಊದಿದ್ದನ್ನು ನೀವು ನೋಡಿದ್ದರೆ ಕೇಳುತ್ತಿರಲಿಲ್ಲ.

ಚೂಟಿ


ಜೂನ್ 4

ಚೂಟಿಗೆ,

ಕೊಳವೆ ಇದರ ಜೊತೆ ಬರುತ್ತಿದೆ. ಮೊದಲನೆಯದು ಎಳೆಯುವಾಗ ಸೀಳಿತು, ಎರಡನೆಯದು ಗಿಡ್ಡವಾಯಿತು. ಕೈ ಮೊದಲಿನ ಹಾಗಿಲ್ಲ. ಇದು ಮೂರನೆಯದು, ಸರಿಯಿದೆ. ನಂಬದಿದ್ದರೆ ಗುಂಡು ಬಿಟ್ಟು ನೋಡಿಕೋ.

ಆತನಿಗೂ ಇವತ್ತೇ ಅಂಚೆಗೆ ಹಾಕಿದ್ದೇನೆ. ಸಮಾಧಾನವಾಯಿತೆ?

ಅಪ್ಪ

ಚೂಟಿ, ಹದಿನೇಳು ಹಾಳೆ ಹರಿದ್ರು. ನಾನೇ ಗುಡಿಸಿದ್ದು. ಒಂದರಲ್ಲಿ ಹಿತ್ತಾಳೆ ಹೇಗೆ ಕೊಳೆಯುತ್ತೆ ಅಂತ ಎರಡು ಪುಟ ವ್ಯಾಖ್ಯಾನ ಇತ್ತು. "ಇದೆಲ್ಲ ಯಾಕೆ? ತಪ್ಪು ನಂದು ಅಂತ ಬರೀರಿ, ಎರಡು ಪದ" ಅಂದೆ. ಆ ಎರಡು ಪದಕ್ಕೆ ನಾಲ್ಕು ದಿನ ಹಿಡೀತು. – ಅಮ್ಮ


ಜೂನ್ 12

ಮೇಸ್ತ್ರಿಯವರಿಗೆ,

ನಿಮ್ಮ ಪತ್ರ ತಲುಪಿತು. ನಾಲ್ಕು ಸಲ ಓದಿದೆ. ಮೊದಲ ಮೂರು ಸಲ ಇದು ಬೇರೆ ಯಾರಿಗೋ ಬರೆದದ್ದು, ತಪ್ಪಿ ನನಗೆ ಬಂದಿದೆ ಎನ್ನಿಸಿತು.

ನೀವು ಕಿವಿ ನೋಡಿಕೊಳ್ಳಿ ಎಂದಿರಿ. ನಾನು ನೋಡಿಕೊಂಡೆ. ನಿಜವಾಗಿಯೂ ಕಿವಿ ಡಾಕ್ಟರ ಬಳಿಗೆ ಹೋದೆ. ಅವರು ದೀಪ ಹಾಕಿ ನೋಡಿ, "ನಿಮ್ಮ ಕಿವಿಗೆ ಏನೂ ಆಗಿಲ್ಲ" ಎಂದರು. ನಾನು ಅವರನ್ನು ನಂಬಲಿಲ್ಲ. ನಿಮ್ಮನ್ನು ನಂಬಿದೆ.

ಬೇರೆ ವಾದ್ಯದಲ್ಲಿ ಊದಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ದೊಡ್ಡ ಮೇಸ್ತ್ರಿಯೇ ಹೇಳಿದ ಮೇಲೆ ಇನ್ನೊಬ್ಬರ ವಾದ್ಯ ಕೇಳಲು ಮುಖ ಎಲ್ಲಿತ್ತು? ಬ್ಯಾಂಡಿನವರು ನನಗೆ "ಅಪಸ್ವರ" ಎಂದು ಹೆಸರಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ, ಆದರೆ ಹೊಸದಾಗಿ ಸೇರಿದವರು ಅದೇ ನನ್ನ ಹೆಸರೆಂದು ತಿಳಿದಿದ್ದರು. ಇಪ್ಪತ್ತೈದು ವರ್ಷ ಅವರನ್ನು ಕಾರ್ಯಕ್ರಮಗಳಿಗೆ ಕರೆದೊಯ್ದು, ಬಸ್ಸಿನಲ್ಲೇ ಕೂತು ಕೇಳಿದ್ದೇನೆ. ಯಾರ ಸ್ವರ ಎಲ್ಲಿ ಜಾರಿತೆಂದು ಗೊತ್ತಾಗುತ್ತಿತ್ತು. ನನ್ನ ಕಿವಿಯೇ ತಪ್ಪಾಗಿ ಕೇಳಿಸಿಕೊಂಡಿತು ಎಂದುಕೊಳ್ಳುತ್ತಿದ್ದೆ. ಮನೆಯಲ್ಲಿ ಗುನುಗುವುದನ್ನು ಬಿಟ್ಟೆ. ಮಗಳು ಹುಟ್ಟಿದಾಗ ಜೋಗುಳ ಕೂಡ ಹಾಡಲಿಲ್ಲ, ಮಗುವಿನ ಕಿವಿಗೂ ನನ್ನದು ಹತ್ತೀತು ಎಂಬ ಭಯಕ್ಕೆ.

ಕ್ಷಮೆ ಕೇಳಿದ್ದೀರಿ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನಿಮ್ಮ ಪತ್ರವನ್ನು ಓದಿದವನು ನಾನೊಬ್ಬ. "ಅಪಸ್ವರ" ಎಂದು ಕರೆದವರು ಅಷ್ಟೂ ಜನ. ಜೂನ್ ಮೂವತ್ತರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಠಾಣೆಯಲ್ಲಿರುತ್ತಾರೆ. ಹಳೆಯ ಬ್ಯಾಂಡ್ ಮಾಸ್ಟರೂ ಬರುತ್ತಾರೆ. ನೀವು ಬಂದು ಬಾಯಿಬಿಟ್ಟು ಹೇಳಿ. ನನಗೆ ಬೇಕಾದ್ದು ಅದೊಂದೇ.

ಇಂತು,
ಠಾಣೆಯ ಬಸ್ ಡ್ರೈವರ್


ಜೂನ್ 18

ಚೂಟಿಗೆ,

ಆತ ನನಗೆ ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಬರೆಯಿರಿ ಎಂದು ನೀನಂದೆ, ನಾನು ಬರೆದೆ. ಈಗ ಸಭೆಯಲ್ಲಿ ನಿಂತು ಹೇಳಬೇಕಂತೆ. ಈ ವಯಸ್ಸಿನಲ್ಲಿ ಇಪ್ಪತ್ತು ಬ್ಯಾಂಡಿನವರ ಮುಂದೆ ನಿಂತು ಕಿವಿ ಹಿಡಿದುಕೊಳ್ಳಲೇ? ನಾಳೆ ಯಾರು ನನ್ನ ಅಂಗಡಿಗೆ ವಾದ್ಯ ತರುತ್ತಾರೆ? ಅದು ಆಗದ ಮಾತು. ನೀನೇ ಆತನಿಗೆ ತಿಳಿಸಿಬಿಡು.

ಅಪ್ಪ


ಜೂನ್ 22

ಅಪ್ಪ,

ಯಾರಿಗೂ ಏನೂ ತಿಳಿಸುವುದಿಲ್ಲ. ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ.

ಕೊಳವೆ ಕೂರಿಸಿದೆ. ಗುಂಡು ಬಿಟ್ಟು ನೋಡಿದೆ, ಮುಕ್ಕಾಲು ದಾರಿಯಲ್ಲಿ ನಿಂತಿತು. ಮೇಲಿನ ಸ್ವರ, ಕೆಳಗಿನ ಸ್ವರ ಎರಡೂ ಒಂದೇ ಸಲಕ್ಕೆ ಸರಿಯಾಗಿ ಬಂದವು. ಒಳ್ಳೆಯ ಕೆಲಸ.

ಹಳೆಯ ನೇರ ಕೊಳವೆ ನನ್ನ ಬೆಂಚಿನ ಮೇಲಿದೆ. ಬೆಳಗಿನ ಮೊದಲ ಬಸ್ಸು ಎಂಟೂವರೆಗೆ ಇಲ್ಲಿಗೆ ಬರುತ್ತದೆ. ಕರೆಯಲು ನಾನು ಬಸ್ ಸ್ಟ್ಯಾಂಡಿಗೆ ಬರುವುದಿಲ್ಲ.

ಚೂಟಿ


ಜುಲೈ 3

ಅಮ್ಮಾ,

ನಿನ್ನ ಗಂಡ ಇನ್ನೂ ಇಲ್ಲೇ ಇದ್ದಾರೆ. ಮೂರು ದಿನದಲ್ಲಿ ನನ್ನ ಹತಾರಗಳನ್ನೆಲ್ಲ ಜಾಗ ಬದಲಿಸಿದ್ದಾರೆ. ಸುತ್ತಿಗೆ ಕೇಳಿದರೆ "ಅದು ಇರಬೇಕಾದ ಜಾಗದಲ್ಲಿದೆ" ಎನ್ನುತ್ತಾರೆ. ಯಾವ ಜಾಗ ಎಂದು ಹೇಳುವುದಿಲ್ಲ. ಯಾವಾಗ ಹೊರಡುತ್ತೀರಿ ಎಂದು ನಾನೂ ಕೇಳಿಲ್ಲ.

ನೀನು ಫೋನಿನಲ್ಲಿ "ಏನಾಯ್ತು ಹೇಳೇ" ಎಂದಾಗ ಅವರು ಪಕ್ಕದಲ್ಲೇ ಇದ್ದರು, ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತರಂದು ಬೆಳಿಗ್ಗೆ ಅಂಗಡಿ ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. "ಆ ಕೊಳವೆ ಕೊಡು" ಎಂದರು, ಅಷ್ಟೆ. ಠಾಣೆಯ ಷೆಡ್ಡಿನಿಂದ ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಹಳೆಯ ಬ್ಯಾಂಡ್ ಮಾಸ್ಟರ್, ಕೈಯಲ್ಲಿ ಊರುಗೋಲು. ಡ್ರೈವರಣ್ಣ ಅಪ್ಪನನ್ನು ನೋಡಿದರು, ನಮಸ್ಕಾರ ಮಾಡಲಿಲ್ಲ.

ಅಪ್ಪ ಎದ್ದು ನಿಂತರು. ಮೈಕು ಕೀರಲಿತು, ಅದನ್ನು ಪಕ್ಕಕ್ಕೆ ಸರಿಸಿ ಕೊಳವೆಯನ್ನು ಮೇಲೆತ್ತಿ ಹಿಡಿದರು. "ಇವರ ಕಾರ್ನೆಟ್ಟಿಗೆ ಈ ಸುಳ್ಳು ಕೊಳವೆ ಹಾಕಿದ್ದು ನಾನು. ಇವರ ಕಿವಿ ಕೆಟ್ಟಿರ್ಲಿಲ್ಲ, ನನ್ನ ಕೆಲಸ ಕೆಟ್ಟಿತ್ತು. ಗೊತ್ತಿದ್ದೂ ಇವರ ಮೇಲೆ ಹಾಕ್ದೆ" ಎಂದರು. ಧ್ವನಿ ಸಣ್ಣಗಿತ್ತು. ಹಳೆಯ ಮಾಸ್ಟರ್ ಊರುಗೋಲು ಕುಟ್ಟಿ, "ಕೇಳಿಸ್ಲಿಲ್ಲ ಮೇಸ್ತ್ರಿ, ಜೋರಾಗಿ ಹೇಳಿ" ಎಂದರು. ಅಮ್ಮಾ, ಅವರಿಗೆ ನಿಜವಾಗಿಯೂ ಕೇಳಿಸಲಿಲ್ಲವೋ ಬೇಕೆಂದೇ ಹಾಗೆ ಮಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ ಕಿವಿ ಕೆಂಪಾಯಿತು. ನನ್ನ ಕಡೆ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಎರಡನೆಯ ಸಲ ಹೇಳಿದ್ದು ರಸ್ತೆಯವರೆಗೂ ಕೇಳಿಸಿರಬೇಕು.

ಹಳೆಯ ಮಾಸ್ಟರ್ ಮೆಲ್ಲಗೆ ಎದ್ದು ಹೋಗಿ ಡ್ರೈವರಣ್ಣನ ತೋಳು ಹಿಡಿದುಕೊಂಡರು. ಡ್ರೈವರಣ್ಣ ಅವರನ್ನು ಕುರ್ಚಿಗೆ ತಲುಪಿಸಿ, ಬ್ಯಾಂಡಿನ ಕಡೆ ತಿರುಗಿ, "ಶುರು ಮಾಡೋಣ್ವಾ?" ಎಂದರು.

ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ನಡುವೆ ಉಸಿರು ಸಿಕ್ಕದೆ ಎರಡು ಕಡೆ ಬಿಟ್ಟು ಹಿಡಿದರು. ಆದರೂ ಇಪ್ಪತ್ತು ವಾದ್ಯದ ನಡುವೆ ಆ ಒಂದರ ದನಿಯನ್ನು ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸಬಹುದಿತ್ತು. ಅವರ ಮಗಳು ನನ್ನ ಹಿಂದಿನ ಸಾಲಿನಲ್ಲಿದ್ದಳು. ಅಪ್ಪ ಊದುವುದನ್ನು ಅವಳು ಕೇಳಿದ್ದು ಅದೇ ಮೊದಲು.

ಹಾಡಿನ ಕೊನೆಯಲ್ಲಿ ಒಂದು ಸ್ವರ ಜಾರಿತು. ನನಗೆ ಕೇಳಿಸಿತು, ಅಪ್ಪನಿಗೂ ಕೇಳಿಸಿತು. ನನ್ನ ಪಕ್ಕದಲ್ಲಿ ಕೂತಿದ್ದವರು ತಟ್ಟನೆ ಎದ್ದರು. ಚಪ್ಪಾಳೆ ಮುಗಿಯುವವರೆಗೂ ತಡೆಯದೆ, ಕುರ್ಚಿಗಳ ನಡುವೆ ನುಗ್ಗಿ ಹೋಗಿ ಕಾರ್ನೆಟ್ಟಿಗೆ ಕೈ ಚಾಚಿದರು. "ಕೊಡಿ ಇಲ್ಲಿ, ಕೊನೇಲಿ ಇಳೀತು. ಕೊಳವೆ ಅಲುಗಿರ್ಬೇಕು, ನೋಡ್ತೀನಿ" ಎಂದರು.

ಡ್ರೈವರಣ್ಣ ಕಾರ್ನೆಟ್ಟನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಬೆಳಗಿನಿಂದ ಅಪ್ಪನ ಜೊತೆ ಅವರು ಆಡಿದ್ದು ಇದೊಂದೇ ಮಾತು.

"ಮುಟ್ಬೇಡಿ ಮೇಸ್ತ್ರಿ. ಈ ಸಲದ ತಪ್ಪು ನಂದು" ಎಂದರು. ಎಂದವರು ಜೋರಾಗಿ ನಕ್ಕರು.

ನಿನ್ನ,
ಚೂಟಿ